ಶರತ್ಕಾಲೀನ ವಾರಾಂತ್ಯದ ಶ್ವಾನ-ಮಾರ್ಜಾಲ ಸಂಕಥನ: ಸುರಪುರ ಸೀಮೆಯ ಒಂದು ತಾತ್ತ್ವಿಕ ಪರಿಪ್ರೇಕ್ಷ್ಯ

ಪ್ರಸ್ತಾವನೆ: ಸೀಗಿ ಹುಣ್ಣಿವಿ ದಾಟಿ, ದೀಪಾವಳಿ ಮುಗಿದು, ತೊಗರಿ ಹೂವಾಡುವ ಶನಿವಾರ-ರವಿವಾರಗಳಂದು ಹಳ್ಳಿಮನೆಯ ಅಂಗಳದಲ್ಲಿ ಗೋಚರಿಸುವ ಬಹುಮುಖಿ ಮೌನವನ್ನು ಪಶುಕೇಂದ್ರಿತ ಅಸ್ಮಿತೆಯ ನೆಲೆಯಲ್ಲಿ ನಿರಚಿಸುವುದು ಈ ಪ್ರಬಂಧದ ಉದ್ದೇಶ. ಈ ವಿಷಯದಲ್ಲಿ ಇದುವರೆಗೆ ಸಂಶೋಧನೆ ನಡೆದಿಲ್ಲ. ನಡೆಯಲೆಂದು ಯಾರೂ ಕೇಳಿಯೂ ಇರಲಿಲ್ಲ.

ವರ್ಗೀಕರಣ: ಅಂಗಳದ ಜೀವಿಗಳು ಐದು ವಿಧ.

ಒಂದು, ಹೊಸ್ತಿಲ ಮೇಲಿನ ನಾಯಿ. ಒಳಗೂ ಇಲ್ಲ, ಹೊರಗೂ ಇಲ್ಲ. ಆದ್ದರಿಂದ ಅಂಚಿನ ಪ್ರಜ್ಞೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದೊಡನೆ ಕೇಂದ್ರಾಭಿಮುಖವಾಗುತ್ತದೆ.

ಎರಡು, ಹಾಲಿನ ಗಡಿಗೆಯತ್ತ ಸಾಗುವ ಬೆಕ್ಕು. ಯಜಮಾನಿಕೆಗೆ ಒಡ್ಡಿದ ಅಹಿಂಸಾತ್ಮಕ ಪ್ರತಿರೋಧ.

ಮೂರು, ಕೋಳಿ. ಇದರ ಕುರಿತು ಮೂರು ಪಂಥಗಳಿದ್ದು, ರವಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಮೂರೂ ಒಮ್ಮತಕ್ಕೆ ಬರುತ್ತವೆ.

ನಾಲ್ಕು, ಆಡು. ಕ್ಷೇತ್ರಕಾರ್ಯದ ಟಿಪ್ಪಣಿಯನ್ನೇ ತಿಂದು ಪಠ್ಯವನ್ನು ಅಂತರ್ಗತಗೊಳಿಸಿಕೊಂಡಿತು. ಐದನೆಯದು ಆ ಟಿಪ್ಪಣಿಯಲ್ಲಿತ್ತು.

ಪೂರ್ವಸೂರಿಗಳು: ಇದೇ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿದಿಬ್ಬ ಅಗೆದರು. ಅದು ನವಶಿಲಾಯುಗದ ದನಗಾಹಿಗಳು ಒಟ್ಟಿ ಸುಟ್ಟ ಸಗಣಿ. ಅಲ್ಲೇ ದೊಡ್ಡಿಯಿತ್ತು, ಮನೆಗಳಿದ್ದವು. ಸುಮಾರು ನಾಲ್ಕು ಸಾವಿರ ವರ್ಷದ ಸಗಣಿಯ ಬಗ್ಗೆ ಬಿಸಿಲಲ್ಲಿ ನಿಂತವರು ಬರೆದದ್ದು ತಿಳಿಯುತ್ತದೆ. ಇವತ್ತಿನ ಸಗಣಿಯ ಬಗ್ಗೆ ಎ.ಸಿ. ಸಭಾಂಗಣದಲ್ಲಿ ಓದಿದ್ದು ತಿಳಿಯುವುದಿಲ್ಲ.

ಮೌನಮೀಮಾಂಸೆ: ಗೋಷ್ಠಿಯೊಂದರಲ್ಲಿ ವಿದ್ವಾಂಸರೊಬ್ಬರು ನಮ್ಮ ಹಳ್ಳಿಗಳ ಮೌನವನ್ನು ಆಧುನಿಕತೆಯೊಡನೆ ನೆಲಮೂಲ ಸಂಸ್ಕೃತಿ ನಡೆಸಿದ ಅನುಸಂಧಾನವೆಂದು ಬಣ್ಣಿಸಿ ಚಪ್ಪಾಳೆ ಗಿಟ್ಟಿಸಿದರು. ಮನೆಗಳಿಗೆ ಕೀಲಿ ಬಿದ್ದ ಮೇಲೆ ಗದ್ದಲ ಎಲ್ಲಿಂದ ಬರಬೇಕ್ರೀ? ನಾರಾಯಣಪುರದ ಬಸವಸಾಗರ ಇಲ್ಲೇ ಇದೆ; ಕಾಲುವೆ ನೀರು ಕಾಣದ ಹೊಲಗಳೂ ಇಲ್ಲೇ ಇವೆ. ಆ ಊರುಗಳ, ತಾಂಡಾಗಳ ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿ ಸಿಮೆಂಟು ಹೊರುತ್ತಾರೆ. ಸಾಲಿಗೆ ಹೋಗಬೇಕಾದ ಕೂಸುಗಳೂ ಅವರ ಹಿಂದೆ. ಖರ್ಚಿಗೆಂದು ಆಡು ಸಂತೆಯಲ್ಲಿ ಮಾರಾಟವಾಗುತ್ತದೆ. ಉಳಿಯುವವರು ಮುತ್ಯಾ, ಆಯಿ, ಮತ್ತು ಟಿಕೆಟ್ ತೆಗೆಸಲಾಗದ ನಾಯಿ. ಈ ಮೌನಕ್ಕೆ ವಾರಾಂತ್ಯವೆಂಬುದೂ ಇಲ್ಲ. ಸೋಮವಾರವೂ ಅಂಗಳ ಹೀಗೇ ಇರುತ್ತದೆ.

ಉಪಸಂಹಾರ: ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದು ದಶಕ ದಾಟಿತು. 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ಮುಂದಿನ ಗೋಷ್ಠಿಯನ್ನು ಯಾದಗಿರಿ ರೈಲು ನಿಲ್ದಾಣದಲ್ಲಿ ಇಟ್ಟುಕೊಳ್ಳಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಸಭಿಕರು ಗಂಟುಮೂಟೆ ಸಮೇತ ಅಲ್ಲಿ ಸಿಗುತ್ತಾರೆ. ಅಧ್ಯಕ್ಷೀಯ ಭಾಷಣವನ್ನು ಮಾತ್ರ ಲಗೂನ ಮುಗಿಸಬೇಕು, ಮುಂಬೈ ಗಾಡಿ ಯಾರಿಗೂ ಕಾಯುವುದಿಲ್ಲ.