ಕಾಲಿಗೆ ತಾಳ, ಕಣ್ಣಿಗೆ ಕನಸು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯೂ ಇದೆ, ವಿಮಾನ ನಿಲ್ದಾಣವೂ ಇದೆ. ನೆಲದ ಕುಲುಕಾಟ, ಆಕಾಶದ ಆಸೆ ಎರಡಕ್ಕೂ ಒಂದೇ ದಾರಿ. 1987ರ ‘ಪ್ರೇಮಲೋಕ’ ಸಿನಿಮಾದ ಹಾಡುಗಳ ಕ್ಯಾಸೆಟ್ಟಿನ ಗುಟ್ಟೂ ಇದೇ. ಹಂಸಲೇಖರ ಕೀಬೋರ್ಡು ತಾಳ ಕೆಳಗೆ ಬಸ್ಸು ತಪ್ಪೀತೆಂದು ಓಡುವವನಂತೆ ಓಡುತ್ತದೆ. ಮೇಲೆ ಎಸ್‌ಪಿಬಿ, ಜಾನಕಿಯವರ ದನಿ ಯಾವ ಅವಸರವೂ ಇಲ್ಲದೆ ತೇಲುತ್ತದೆ. ಕಾಲು ಕುಣಿಯುತ್ತದೆ, ಕಣ್ಣು ಮುಚ್ಚುತ್ತದೆ. ಎರಡೂ ಒಟ್ಟಿಗೆ ಆಗುವುದರಲ್ಲೇ ಮಜಾ. (ಗಾಡಿ ಹೊಡೆಯುವವರು ಎರಡನೆಯದನ್ನು ಬಿಡಬೇಕು.)

‘ಗಂಗೂಬಾಯಿ ಹಾನಗಲ್ಲರ ಊರಾಗ ಇದೆಂಥಾ ಡಬ್ಬಿ ಸಂಗೀತರೀ?’ ಎಂಬ ತಕರಾರು ಸಹಜ. ಆದರೆ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದ ಡಬ್ಬಿಯೇ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, 1971ರ ತನಕ ಬಾಗಿಲು ತೆರೆಯಲಿಲ್ಲ. ಇಂದು ಅದಿಲ್ಲದೆ ಭಜನೆಯೇ ಏಳದು. ‘ಯಂತ್ರಕ್ಕೆಲ್ಲಿಯ ಭಾವ?’ ಅನ್ನುವವರೂ ಇದ್ದಾರೆ. ಶಾಸ್ತ್ರೀಯ ಸಂಗೀತಗಾರರ ಮನೆಗಳಲ್ಲೇ ಈಗ ಕರೆಂಟಿನ ತಂಬೂರಿ ಗುಂಯ್‌ಗುಡುತ್ತದೆ. ಅದರ ಹತ್ತಿರ ಯಾರೂ ಭಾವ ಕೇಳಿಲ್ಲ. ಭಾವ ಹಾಡುವವರ ಜವಾಬ್ದಾರಿ, ಯಂತ್ರದ್ದು ದಣಿಯದೆ ತಾಳ ಹಿಡಿಯುವುದಷ್ಟೇ. ಅದರ ಮೇಲೆ ದೂರು ಹೇಳಲೇಬೇಕೆಂದರೆ ಒಂದಿದೆ: ನಡುವೆ ಚಾ ಕುಡಿಯಲು ಏಳುವ ರೂಢಿ ಅದಕ್ಕಿಲ್ಲ.