ಲಿನಕ್ಸ್ ಮಾಸ್ತರರು

ಗದಗ-ಬೆಟಗೇರಿಯಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಗುಜರಿಯವನಿಗೆ ಕೊಟ್ಟುಬಿಡಲು ನಿಶ್ಚಯಿಸಿದ ಗೃಹಸ್ಥನು ಆ ನಿಶ್ಚಯವನ್ನು ಚಹಾದಂಗಡಿಯಲ್ಲಾಗಲಿ, ವೀರನಾರಾಯಣ ಗುಡಿಯ ಪ್ರಾಕಾರದಲ್ಲಾಗಲಿ ಬಾಯಿಬಿಟ್ಟು ಆಡಬಾರದು, ಆಡಿದನೆಂದರೆ, ದೀಪ ಹಚ್ಚುವ ಹೊತ್ತಿಗೆ ಅವನ ಮನೆಯ ಬಾಗಿಲಲ್ಲಿ, ಪೆನ್‌ಡ್ರೈವನ್ನು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಪ್ರತ್ಯಕ್ಷರಾಗಿ, ಚಪ್ಪಲಿಯನ್ನು ಕಳಚುವ ಮುನ್ನವೇ “ರ‍್ಯಾಮ್ ಎಷ್ಟೈತ್ರಿ?” ಎಂದು ಕೇಳುವರು. ಇಂಥವರು ಲಕ್ಷ್ಮೇಶ್ವರದಲ್ಲಿ ಝೆರಾಕ್ಸ್ ಅಂಗಡಿಯ ತರುಣನಾಗಿಯೂ ಶಿರಹಟ್ಟಿಯಲ್ಲಿ ಸೊಸೈಟಿಯ ಗುಮಾಸ್ತನಾಗಿಯೂ ಕಾಣಸಿಗುವರಾದರೂ, ಈ ಜಾತಿಯ ಸಕಲ ಲಕ್ಷಣಗಳೂ ಪಕ್ವವಾಗಿ ಕೂಡಿಬಂದಿರುವುದು ಗದುಗಿನ ಮಾಸ್ತರರಲ್ಲಿಯೇ ಆದುದರಿಂದ ಅವರನ್ನೇ ಇಲ್ಲಿ ವರ್ಣಿಸುವೆನು.

2015ರಲ್ಲಿ ಜನಿಸಿದ ವಿಂಡೋಸ್ 10ರ ಪೋಷಣೆಯನ್ನು ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ರಂದು ನಿಲ್ಲಿಸಿದಾಗ, ಮತ್ತು ಅದರ ಉತ್ತರಾಧಿಕಾರಿಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯಿಲ್ಲದ, ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಯಂತ್ರಗಳನ್ನು ಹೊಸ್ತಿಲಾಚೆಗೇ ನಿಲ್ಲಿಸಿದಾಗ, ಲೋಕವೆಲ್ಲ ಚಿಂತಾಕ್ರಾಂತವಾದರೆ ಮಾಸ್ತರರ ಮುಖವು ಮಾತ್ರ, ಆ ಯಂತ್ರಗಳಿಗೆ ಇನ್ನು ಲಿನಕ್ಸೇ ಗತಿಯೆಂದು, ಅರಳಿತು. ಅಂದು ಅವರ ಮನೆಯಲ್ಲಿ ಹೋಳಿಗೆಯಾಯಿತೆಂದು ನೆರೆಯವರು ಆಡಿಕೊಳ್ಳುವರು. ನಾನಿದನ್ನು ನಂಬೆನು, ಏಕೆಂದರೆ ಅವರ ಮನೆಯವರು ಇಂಥ ಕಾರಣಕ್ಕೆಲ್ಲ ಬೇಳೆ ನೆನೆಹಾಕುವವರಲ್ಲ.

ಮಾಸ್ತರರ ಉಪದೇಶವು 1991ರ ಹೆಲ್ಸಿಂಕಿಯಿಂದ ಆರಂಭವಾಗುವುದು. ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ತಾನು ಕಟ್ಟಿದ ಲಿನಕ್ಸನ್ನು ಊರಿಗೆಲ್ಲ ಬಿಟ್ಟುಕೊಟ್ಟನೆಂದೂ, ಸಾವಿರಾರು ಜನ ಕೂಡಿ ಅದನ್ನು ಬೆಳೆಸಿದರೆಂದೂ ಹೇಳಿ, ಅಲ್ಲಿಂದ ಒಂದೇ ಜಿಗಿತಕ್ಕೆ ನಮ್ಮ ಕಣಗಿನಹಾಳಕ್ಕೆ ಬಂದಿಳಿಯುವರು, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದ ಕಥೆಯನ್ನು ಸಾದ್ಯಂತ ನಿರೂಪಿಸಿ, “ಅಂದ ಮ್ಯಾಲ ಲಿನಕ್ಸ್ ಹುಟ್ಟಿದ್ದು ಎಲ್ಲಿ? ನೀವ ಹೇಳ್ರಿ!” ಎಂದು ಸವಾಲೆಸೆಯುವರು. ಚಹಾ ತಣ್ಣಗಾಗುವ ಭಯದಿಂದ ಗೃಹಸ್ಥನು ಕಣಗಿನಹಾಳವೆಂದೇ ಒಪ್ಪಿಬಿಡುವನು.

ಒಪ್ಪಿದರೂ ಅವನಿಗೆ ಮಗಳ ಮದುವೆಯ ಫೋಟೋಗಳ ಚಿಂತೆ. ಇರುವ ವಿಂಡೋಸನ್ನು ಅಳಿಸದೆ, ಡಿಸ್ಕಿನಲ್ಲಿಯೇ ಪಾಲು ಮಾಡಿ, ಪಕ್ಕದಲ್ಲಿ ಮಿಂಟ್ ಎಂಬ ಬಗೆಯ ಲಿನಕ್ಸನ್ನು ನೆಲೆಗೊಳಿಸುವುದೆಂದರೆ ಏನೆಂದು ಅವನಿಗೆ ತಿಳಿಯಹೇಳಲು ಮಾಸ್ತರರು ಈಗ ಇತಿಹಾಸದ ಪುಟಗಳನ್ನು ತೆರೆಯುವರು. “ಸ್ವಾತಂತ್ರ್ಯಕ್ಕಿಂತ ಮೊದಲ ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗ್ಲಿಯವರದು, ಗದಗ, ಮುಂಡರಗಿ ಇಂಗ್ರೇಜರ ಮುಂಬಯಿ ಇಲಾಖೆದು. ಒಂದ ನೆಲದ ಮ್ಯಾಲ ಮೂರು ಆಳಿಕಿ ನಡೀಲಿಲ್ಲೇನ್ರಿ? ನಿಮ್ಮ ಡಿಸ್ಕಿನ್ಯಾಗ ಎರಡು ನಡಿಯೂದಿಲ್ಲೇನು?” ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತ ಗೃಹಸ್ಥನ ಭಾವಮೈದುನನು, “ಮುಂದ ಸಂಸ್ಥಾನೆಲ್ಲಾ ವಿಲೀನ ಆದವಲ್ರಿ, ಮಾಸ್ತರ?” ಎಂದು ಕೇಳಿದರೆ, ಮಾಸ್ತರರಿಗೆ ಆ ಪ್ರಶ್ನೆ ಕೇಳಿಸುವುದಿಲ್ಲ, ಆಗಲೇ ಅವರ ಬೆರಳು, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಲು, ಎಫ್ 12 ಕೀಲಿಯನ್ನು ಟಕಟಕನೆ ಕುಟ್ಟುತ್ತಿರುವುದು.

ಈ ಹೊತ್ತಿನಲ್ಲಿ ಮನೆಯವರಾರೂ ಚಾರ್ಜರಿನ ತಂತಿಯನ್ನು ದಾಟಕೂಡದು. ಕುಮಾರವ್ಯಾಸನಿಗೆ ಉಟ್ಟ ಒದ್ದೆಯ ವಸ್ತ್ರ ಆರುವ ತನಕವಾದರೂ ಕಾವ್ಯವು ಹರಿಯುತ್ತಿತ್ತೆಂದು ಐತಿಹ್ಯವುಂಟು. ಈ ಲ್ಯಾಪ್‌ಟಾಪಿನ ಬ್ಯಾಟರಿಯು ಅಷ್ಟು ಅವಕಾಶವನ್ನೂ ಕೊಡದು. ವಿದ್ಯುತ್ತು ಹೋಗದೆ ಕೃಪೆಮಾಡಿದರೆ, ಕೆಲಸ ಮುಗಿದು, ಕರಿಯ ಪರದೆಯ ಮೇಲೆ ಗ್ರಬ್ ಎಂಬ ದ್ವಾರಪಾಲಕನು ಎರಡು ಹೆಸರುಗಳನ್ನು ತೋರಿಸಿ, ಯಾವ ರಾಜ್ಯಕ್ಕೆ ಪಯಣವೆಂದು ಕೇಳುತ್ತ ಹತ್ತು ಸೆಕೆಂಡು ಕಾಯುವನು; ಉತ್ತರ ಬಾರದಿದ್ದರೆ ತಾನಾಗಿಯೇ ಲಿನಕ್ಸಿಗೆ ಕರೆದೊಯ್ಯುವನು. ಅಂದಿನಿಂದ ಆ ಮನೆಯ ಗೃಹಿಣಿಯು, ಒಲೆಯ ಮೇಲಿನ ಹಾಲನ್ನು ಒಂದು ಕಣ್ಣಿನಿಂದಲೂ ಪರದೆಯನ್ನು ಇನ್ನೊಂದರಿಂದಲೂ ಕಾಯುತ್ತ, ಕೆಳಮುಖದ ಬಾಣದ ಕೀಲಿಯ ಮೇಲೆ ಬೆರಳಿಟ್ಟು, ತನ್ನ ಪರಿಚಿತ ವಿಂಡೋಸನ್ನು ಹಿಡಿದುಕೊಳ್ಳಲು ನಿತ್ಯವೂ ಹೊಂಚುಹಾಕುವಳು. ಇದನ್ನು ಮಾಸ್ತರರಿಗೆ ಯಾರೂ ಹೇಳುವುದಿಲ್ಲ.

ಹೇಳಿದರೂ ಅವರು ಬೇಸರಿಸಲಾರರೆಂದೇ ನನ್ನ ಊಹೆ, ಏಕೆಂದರೆ ಅವರ ಸ್ವಂತ ಯಂತ್ರದ ಗುಟ್ಟೂ ಇದೇ ಆಗಿದೆ. ಮುದ್ರಣಕ್ಕೆ ಹೆಸರಾದ ಈ ಊರಿನ ಛಾಪಖಾನೆಗಳಲ್ಲಿ ಲಗ್ನಪತ್ರಿಕೆಯೆಂದರೆ ಇಂದಿಗೂ ಅನೇಕ ಕಡೆ ಪೇಜ್‌ಮೇಕರು, ಯೂನಿಕೋಡಿಗೆ ಒಗ್ಗದ ಹಳೆಯ ನುಡಿ ಅಕ್ಷರಗಳು. ಆ ಕಡತವನ್ನು ಮಾಸ್ತರರ ಮಿಂಟಿನಲ್ಲಿ ಪೇಜ್‌ಮೇಕರಿಲ್ಲದೆ ಇದ್ದ ರೂಪದಲ್ಲಿಯೇ ತೆರೆಯಲಾಗದು, ಬರಿಯ ಅಕ್ಷರಗಳನ್ನು ಎತ್ತಿತಂದರೋ ‘ಚಿರಂಜೀವಿ’ಯೂ ‘ಸೌಭಾಗ್ಯವತಿ’ಯೂ ಕೊಂಬು ತಲೆಕಟ್ಟುಗಳನ್ನು ಹೊತ್ತ ಯಾವುದೋ ಪರದೇಶದ ಲಿಪಿಯಾಗಿ ಸಾಲುಗಟ್ಟುವರು. ಆದುದರಿಂದ ಸ್ವಂತ ಮಗನ ಲಗ್ನಪತ್ರಿಕೆಯನ್ನು ತಿದ್ದಲು ಮಾಸ್ತರರು, ಬಾಗಿಲಿಗೆ ಅಗುಳಿ ಹಾಕಿ, ವಿಂಡೋಸಿನಲ್ಲಿ ಕುಳಿತಿದ್ದರು. ಹಾಗಾದರೆ ಲಿನಕ್ಸಿನಲ್ಲಿ ಅವರು ಮಾಡುವುದೇನು? ಲಿನಕ್ಸನ್ನು ಅಪ್‌ಡೇಟ್ ಮಾಡುವರು. ಅದು ಮುಗಿದ ಬಳಿಕ, ಎಷ್ಟು ವೇಗವಾಗಿ ಮುಗಿಯಿತೆಂದು ಬೆಟಗೇರಿಯ ತನಕ ನಡೆದುಹೋಗಿ ಮಿತ್ರರಿಗೆ ತಿಳಿಸುವರು. ಹೊಸ ಲ್ಯಾಪ್‌ಟಾಪು ಕೊಳ್ಳಲಾರದ ಎಷ್ಟೋ ವಿದ್ಯಾರ್ಥಿಗಳ ಹಳೆಯ ಯಂತ್ರಗಳು ಅವರ ಕೈಯಿಂದ ಮರುಜೀವ ಪಡೆದು ಇಂದಿಗೂ ಓಡುತ್ತಿರುವುವೆಂಬುದನ್ನೂ ನಾನು ಮರೆಮಾಚಲಾರೆ. ಆದರೆ ಮಾಸ್ತರರು ಆ ಮಾತನ್ನು ಎಂದೂ ಎತ್ತರು, ಓಡುತ್ತಿರುವ ಯಂತ್ರದಲ್ಲಿ ಅವರಿಗೆ ಆಸಕ್ತಿಯಿಲ್ಲ.

ಮುಂಡರಗಿಯಲ್ಲಿ ಅವರ ತಂಗಿಯ ಮಗನದೊಂದು ಕಂಪ್ಯೂಟರ್ ಅಂಗಡಿಯಿದೆ. ಅಲ್ಲಿಯ ಮುದಿ ಯಂತ್ರಕ್ಕೂ ಮಾಸ್ತರರು ಎರಡನೆಯ ರಾಜ್ಯವನ್ನು ದಯಪಾಲಿಸಿದ ಮರುದಿನ ನಡೆದ ಪ್ರಸಂಗವು ಹೀಗಿದೆ. ಲಿನಕ್ಸು ಯಂತ್ರದೊಳಗಣ ಗಡಿಯಾರದಲ್ಲಿ ಗ್ರೀನಿಚ್ ಕಾಲವನ್ನು ಇರಿಸುವುದು. ಅನಂತರ ಏಳುವ ವಿಂಡೋಸು ಅದನ್ನೇ ನಮ್ಮೂರಿನ ಕಾಲವೆಂದು ನಂಬಿ ಐದೂವರೆ ತಾಸು ಹಿಂದೆ ಬೀಳುವುದು. ಒಂದೇ ಆದೇಶದಿಂದ ಸರಿಹೋಗುವ ಈ ದೋಷವನ್ನು ಮಾಸ್ತರರು ಸಿದ್ಧಾಂತದ ಕಾರಣದಿಂದ ಸರಿಪಡಿಸಿರಲಿಲ್ಲ: ತಪ್ಪು ವಿಂಡೋಸಿನದು, ತಿದ್ದಿಕೊಳ್ಳಬೇಕಾದುದೂ ಅದೇ. ಉತಾರ ತೆಗೆಸಲು ಬಂದ ಸಿಂಗಟಾಲೂರಿನ ಹಿರಿಯ ರೈತರೊಬ್ಬರು ಪಾವತಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕಡೆಗೆ ಮಾಸ್ತರರ ಮುಂದೆಯೇ ಚಾಚಿದರು.

“ಸರ್ರ, ನಾ ಬಂದಿದ್ದು ಹತ್ತಕ್ಕ. ಇದರಾಗ ನಸುಕಿನ್ಯಾಗ ನಾಕೂವರಿ ಅಂತ ಐತಲ್ಲ. ಆವಾಗ ನಾ ಇನ್ನೂ ಹಾಸಿಗಿ ಬಿಟ್ಟು ಎದ್ದಿದ್ದಿಲ್ಲ.”

ಇಂಥ ಪ್ರಶ್ನೆಗಾಗಿಯೇ ಜೀವಮಾನವೆಲ್ಲ ಕಾದಿದ್ದ ಮಾಸ್ತರರು, ಭೂಮಿಯ ಅಕ್ಷಭ್ರಮಣ, ರೇಖಾಂಶ, ಗ್ರೀನಿಚ್ಚಿನ ವೇಧಶಾಲೆ ಇವೆಲ್ಲವನ್ನೂ ಟೇಬಲ್ಲಿನ ಮೇಲಿನ ಚಹಾಲೋಟಗಳ ಸಹಾಯದಿಂದ ವಿಶದಪಡಿಸಿ, ಪಾವತಿಯಲ್ಲಿರುವುದು ಆ ಸೀಮೆಯ ವೇಳೆಯೆಂದು ನಿಗಮನಕ್ಕೆ ಬಂದರು. ರೈತರು ಶ್ರದ್ಧೆಯಿಂದ ಕೇಳಿ, ತಲೆದೂಗಿ, ಕಿಸೆಯಿಂದ ತೆಗೆದ ನೋಟುಗಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕೇಳಿದರು:

“ಹಂಗಾರ ಈ ಮೂವತ್ತು ರೂಪಾಯಿನೂ ಆ ಸೀಮಿ ರೇಟ ಏನ್ರಿ?”