ಬಾನೆಟ್ ರಾಯರು

ಬಾನೆಟ್ ಎತ್ತಿದ ಸದ್ದು ನಮ್ಮ ನಿಮ್ಮಂಥವರಿಗೆ ಪಕ್ಕದ ಮನೆಯದೂ ಕೇಳಿಸುವುದಿಲ್ಲ. ಬಾನೆಟ್ ರಾಯರಿಗೆ ಎರಡು ಕ್ರಾಸ್ ಆಚೆಯದೂ ಕೇಳಿಸುತ್ತದೆ. ನೀವು ವೈಪರಿಗೆ ನೀರು ತುಂಬಿಸಲೆಂದು ಎತ್ತಿದ್ದರೂ ಸರಿಯೇ, ಜಗ್ಗು ಕೆಳಗಿಡುವಷ್ಟರಲ್ಲಿ ಪಕ್ಕದಲ್ಲೊಂದು ಜೊತೆ ಚಪ್ಪಲಿ, ಅದರ ಮೇಲೊಂದು ಪಂಚೆ, ಎಲ್ಲಕ್ಕಿಂತ ಮೇಲೆ ಹೆಗಲ ಟವೆಲ್ಲು. ‘ಸ್ಟಾರ್ಟ್ ಮಾಡಿ, ನೋಡೋಣ’ ಎನ್ನುತ್ತಾರೆ. ನಮಸ್ಕಾರ, ಕಾಫಿ ಆಯ್ತಾ, ಇವೆಲ್ಲ ಆಮೇಲೆ.

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಹುಬ್ಬಳ್ಳಿ, ಶಿವಮೊಗ್ಗದಲ್ಲೂ ಇದ್ದಾರೆ, ಹೆಸರು ಬೇರೆ ಅಷ್ಟೆ. ಇವರು ಮೆಕ್ಯಾನಿಕ್ ಅಲ್ಲ, ಹಾಗೆಂದರೆ ನೊಂದುಕೊಳ್ಳುತ್ತಾರೆ. ಬ್ಯಾಂಕಿನಲ್ಲೋ ಬೋರ್ಡಿನಲ್ಲೋ ಮೂವತ್ತು ಚಿಲ್ಲರೆ ವರ್ಷ ಫೈಲು ತಿರುವಿ ನಿವೃತ್ತರಾದವರು. ಸ್ಪ್ಯಾನರ್ ಮುಟ್ಟುವುದಿಲ್ಲ, ಕೈ ಗ್ರೀಸಾಗುತ್ತದೆ. ಅವರದೇನಿದ್ದರೂ ರೋಗನಿದಾನ. ನಾಡಿ ಹಿಡಿದು ಕಾಯಿಲೆ ಹೇಳುವ ಪಂಡಿತರ ಹಾಗೆ ಏರ್ ಫಿಲ್ಟರ್ ಡಬ್ಬಿಯ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಾರೆ. ಔಷಧಿ ಕೊಡುವುದು ಗ್ಯಾರೇಜಿನವನ ಕೆಲಸ. ವಾಸಿಯಾಗದಿದ್ದರೆ ತಪ್ಪೂ ಅವನದೇ.

ಸ್ಟಾರ್ಟೇ ಆಗದ ಕಾರಿನಲ್ಲಿ ರಾಯರಿಗೆ ಆಸಕ್ತಿಯಿಲ್ಲ. ಬ್ಯಾಟರಿ ಸತ್ತಿದೆ ಅನ್ನುವುದನ್ನು ಪೇಪರ್ ಹಾಕುವ ಹುಡುಗನೂ ಹೇಳುತ್ತಾನೆ. ಪಂಕ್ಚರಂತೂ ಲೆಕ್ಕಕ್ಕೇ ಇಲ್ಲ. ಅವರ ಮುಖ ಅರಳುವುದು ಪಿಕಪ್ ರೋಗಕ್ಕೆ. ಆಕ್ಸಿಲರೇಟರ್ ತುಳಿದರೆ ಗಾಡಿ ಒಂದು ಕ್ಷಣ ಯೋಚನೆ ಮಾಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ನುಗ್ಗುತ್ತದೆ, ಮತ್ತೆ ಹಿಂದೆಗೆಯುತ್ತದೆ. ಜರ್ಕ್ ಅನ್ನಿ, ಮಿಸ್ಸಿಂಗ್ ಅನ್ನಿ. ಈ ರೋಗದ ಸೊಗಸೆಂದರೆ ಗ್ಯಾರೇಜಿನವನ ಎದುರು ಅದು ಕಾಣಿಸಿಕೊಳ್ಳುವುದೇ ಇಲ್ಲ. ಅವನು ಕೂತು ಒಂದು ರೌಂಡ್ ಹೊಡೆದರೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ನೀವು ದುಡ್ಡು ಕೊಟ್ಟು ಹೊರಟು, ಅಗ್ರಹಾರ ಸರ್ಕಲ್ಲಿನಲ್ಲಿ ಬೆನ್ನಿಗೆ ಸಿಟಿ ಬಸ್ಸು ಬಂದು ನಿಂತಿತೋ, ಶುರು. ಇನ್ನೊಂದು ಸೊಗಸು, ಇದಕ್ಕೆ ಕಾರಣಗಳ ಬರವಿಲ್ಲ. ಪೆಟ್ರೋಲ್ ಕಮ್ಮಿ ಬಂದರೂ ಇದೇ, ಗಾಳಿ ಹೆಚ್ಚು ನುಗ್ಗಿದರೂ ಇದೇ, ಕಿಡಿ ಸೊರಗಿದರೂ ಇದೇ. ಯಾವುದೆಂದು ಗೊತ್ತಾಗುವವರೆಗೆ ರಸ್ತೆಯವರೆಲ್ಲ ಮಾತಾಡಬಹುದು.

ರಾಯರು ಕಲಿತದ್ದು ಪ್ರೀಮಿಯರ್ ಪದ್ಮಿನಿಯ ಮೇಲೆ. ಕಾರ್ಬೊರೇಟರ್ ಕಾಲದಲ್ಲಿ ಅವರು ನಿಜಕ್ಕೂ ಬಲ್ಲವರೇ, ಸುಳ್ಳು ಹೇಳಬಾರದು. ಆಕ್ಸಿಲರೇಟರ್ ತುಳಿದ ಕೂಡಲೇ ಗಾಳಿ ಒಳಗೆ ನುಗ್ಗುತ್ತದೆ, ಪೆಟ್ರೋಲಿಗೆ ಅಷ್ಟು ಚುರುಕಿಲ್ಲ. ಆ ಕೊರತೆ ತುಂಬಲು ಕಾರ್ಬೊರೇಟರಿನಲ್ಲೊಂದು ಪುಟ್ಟ ಪಂಪು ಒಂದು ಗುಟುಕು ಪೆಟ್ರೋಲನ್ನು ಹೆಚ್ಚಿಗೆ ಚಿಮ್ಮಿಸುತ್ತಿತ್ತು. ಅದು ಕೆಟ್ಟರೆ ಗಾಡಿ ಮುಗ್ಗರಿಸುತ್ತಿತ್ತು. ರಾಯರು ಅದನ್ನು ಕಿವಿಯಲ್ಲೇ ಹಿಡಿಯುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲಿ ಘಾಟಿ ಹತ್ತುವಾಗ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಾಡಿ ನಿಂತರೆ, ಹೆಗಲ ಟವೆಲ್ಲನ್ನು ನೀರಿನಲ್ಲದ್ದಿ ಪಂಪಿಗೆ ಸುತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾಡಿ ಹೊರಡುತ್ತಿತ್ತು, ಗಾಡಿಯೊಳಗಿನವರು ಜನ್ಮಪೂರ್ತಿ ನೆನೆಯುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 2000ದ ಹೊತ್ತಿಗೆ ಅದರಲ್ಲೂ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಪೆಟ್ರೋಲ್ ಪಂಪು ಬಾನೆಟ್ ಬಿಟ್ಟು, ಹಿಂದಿನ ಸೀಟಿನ ಕೆಳಗಿನ ಟ್ಯಾಂಕಿನಲ್ಲಿ ಮುಳುಗಿ ಕೂತಿತು. ರಾಯರು ಮಾತ್ರ ಒದ್ದೆ ಟವೆಲ್ ಹಿಡಿದು ಬಾನೆಟ್ಟಿನೊಳಗೆ ಅದಕ್ಕೊಂದು ಜಾಗ ಹುಡುಕುತ್ತಲೇ ಇದ್ದಾರೆ.

ಅವರ ಪ್ರಶ್ನೆಗಳಿಗೆ ನೂರಕ್ಕೆ ನೂರು ಅಂಕ ಕೊಡಬೇಕು. ಇಂಜಿನ್ ತಣ್ಣಗಿದ್ದಾಗಲಾ, ಕಾದ ಮೇಲಾ? ಏರಿನಲ್ಲಾ, ಸಮ ರಸ್ತೆಯಲ್ಲಾ? ಏಸಿ ಹಾಕಿದರೆ ಹೆಚ್ಚಾಗುತ್ತಾ? ಟ್ಯಾಂಕು ರಿಸರ್ವಿಗೆ ಬಂದಾಗಲಾ? ಒಂದೂ ಪೊಳ್ಳಲ್ಲ. ಕಸ ಕಟ್ಟಿದ ಫಿಲ್ಟರು ಊರೊಳಗೆ ಸಾಧುವಾಗಿದ್ದು ಏರಿನಲ್ಲಿ ಕೈಕೊಡುತ್ತದೆ. ಪಂಪನ್ನು ತಂಪಾಗಿಡುವುದು ಟ್ಯಾಂಕಿನ ಪೆಟ್ರೋಲೇ ಆದ್ದರಿಂದ ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪು ಬೇಗ ಸೊರಗುತ್ತದೆ. ಗಾಜಿನ ಕೌಂಟರಿನ ಹಿಂದೆ ಟೈ ಕಟ್ಟಿ ಕೂತವರು ಇದರಲ್ಲಿ ಅರ್ಧವನ್ನೂ ಕೇಳುವುದಿಲ್ಲ. ತೊಡಕು ಒಂದೇ. ಉತ್ತರ ಬರುವವರೆಗೆ ಕಾಯುವ ಅಭ್ಯಾಸ ರಾಯರಿಗಿಲ್ಲ.

ನಮ್ಮ ರಸ್ತೆಯ ಹೈಸ್ಕೂಲ್ ಮೇಡಂ ಕಾರಿನ ಪ್ರಸಂಗವನ್ನೇ ತಗೊಳ್ಳಿ.

‘ಏನಮ್ಮಾ, ಬೆಳಿಗ್ಗೆ ನಿಮ್ಮ ಗಾಡಿ ಮಿಸ್ಸಿಂಗ್ ಹೊಡೀತಿತ್ತಲ್ಲ, ಯಾವಾಗ ಬರುತ್ತೆ ಅದು?’

‘ಮುಂದಕ್ಕೆ ಹೋಗುವಾಗ ಮಾತ್ರ ರಾಯರೇ. ರಿವರ್ಸ್‌ನಲ್ಲಿ...’

‘ಪ್ಲಗ್ಗು’ ಎಂದರು ರಾಯರು.

ನಾಲ್ಕು ಪ್ಲಗ್ ಬಂದವು. ಹೊಸ ಪ್ಲಗ್ಗಿನ ಹುಮ್ಮಸ್ಸಿನಲ್ಲಿ ಗಾಡಿ ಇನ್ನೂ ಜೋರಾಗಿ ಜರ್ಕ್ ಹೊಡೆಯಿತು. ರಾಯರು ಬೇಸರಿಸಲಿಲ್ಲ. ಪ್ಲಗ್ಗು ಅಲ್ಲ ಎಂದು ಖಚಿತವಾಯಿತಲ್ಲ, ಅದೂ ಒಂದು ಲಾಭವೇ ಎಂದರು. ಲಾಭ ಯಾರ ಖಾತೆಗೆ ಎಂದು ಮೇಡಂ ಕೇಳಲಿಲ್ಲ. ಮುಂದಿನ ಆರೋಪಿ ಎಥನಾಲ್. ‘ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸ್ತಾರೆ ಕಣಮ್ಮಾ. ಅದು ನೀರು ಹೀರುತ್ತೆ. ನೋಡಿ ಹೆಂಗಿದೆ, ನಮ್ಮ ಮಂಡ್ಯದ ಕಬ್ಬೇ ನಮ್ಮ ಕಾರನ್ನ ಹಿಂದಕ್ಕೆ ಎಳೀತಿದೆ!’ ಎಥನಾಲ್ ತೇವ ಹೀರುವುದು ನಿಜ, ಮೈಲೇಜು ಕೊಂಚ ಇಳಿಯುವುದೂ ನಿಜ. ಆದರೆ ಅದೇ ಬಂಕಿನ ಪೆಟ್ರೋಲ್ ಕುಡಿದ ರಾಯರ ಕಾರು ಯಾಕೆ ಮುಗ್ಗರಿಸುವುದಿಲ್ಲ ಎಂದು ಯಾರೋ ಕೇಳಿದರು. ರಾಯರ ಕಾರು ಮುಗ್ಗರಿಸುವುದಕ್ಕೆ ಮೊದಲು ಶೆಡ್ಡಿನಿಂದ ಹೊರಗೆ ಬರಬೇಕು. ಆಯುಧಪೂಜೆಯ ದಿನ ಕವರ್ ತೆಗೆದು ಕುಂಬಳಕಾಯಿ ಒಡೆದರೆ ಅದರ ವರ್ಷದ ಓಡಾಟ ಮುಗಿಯಿತು.

ಆಮೇಲೆ ಚಾಮುಂಡಿ ಬೆಟ್ಟದ ಟ್ರಯಲ್ಲು. ನಂದಿಯವರೆಗೆ ಥರ್ಡ್ ಗೇರಿನಲ್ಲೇ ಹೋಗಬೇಕು, ಮಾತಾಡಕೂಡದು, ಏಸಿ ಬಂದ್, ಕಿಟಕಿ ಇಳಿಸಿರಬೇಕು. ರಾಯರು ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಬಗ್ಗಿ ಕೂತಿದ್ದರು. ಗಾಡಿ ಎಳೆದಾಗಲೆಲ್ಲ ಅವರ ಹಣೆ ಕುಟ್ಟುತ್ತಿತ್ತು, ಕುಟ್ಟಿದಾಗಲೆಲ್ಲ ‘ಬಂತು, ಬಂತು’ ಎಂದು ಸಂತೋಷಪಡುತ್ತಿದ್ದರು. ‘ರಾಯರೇ, ರಿವರ್ಸ್‌ನಲ್ಲಿ ಮಾತ್ರ...’ ಎಂದು ಮೇಡಂ ಮತ್ತೆ ಶುರು ಮಾಡಿದರು. ‘ಶ್!’ ಎಂದರು ರಾಯರು.

ಮೂಲೆ ಮನೆಯ ಸಾಫ್ಟ್‌ವೇರ್ ಹುಡುಗ ಬಂದದ್ದು ಆಗ. ಅವನೂ ಒಂದು ಜಾತಿಯೇ. ಕಿವಿಯ ಬದಲು ಮೊಬೈಲು. ಸ್ಟಿಯರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಡಾಂಗಲ್ ಸಿಕ್ಕಿಸಿ, ಪಿ0171 ಎಂದು ಓದಿದ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸೇರಬೇಕು, ಇಲ್ಲಿ ಗಾಳಿ ಹೆಚ್ಚಾಗಿದೆ ಎಂದು ಅದರರ್ಥ. ಅಲ್ಲಿಗೆ ಸರಿಯಾಗಿಯೇ ಇತ್ತು. ಆದರೆ ಹುಡುಗನೂ ಉತ್ತರಕ್ಕೆ ಅವಸರದವನು. ‘ಆಕ್ಸಿಜನ್ ಸೆನ್ಸಾರ್ ಹೋಗಿದೆ ಮೇಡಂ, ಆನ್‌ಲೈನ್‌ನಲ್ಲಿ ಆಫರ್ ಇದೆ’ ಎಂದ. ಗಾಳಿ ಹೆಚ್ಚಾಗಿದೆ ಎಂದು ದೂರು ಕೊಟ್ಟ ಸೆನ್ಸಾರನ್ನೇ ಕಿತ್ತು ಬಿಸಾಡಿದರು. ಹೊಸದು ಬಂದು ಅದೇ ದೂರು ಕೊಟ್ಟಿತು.

ಕೊನೆಗೆ ಮೇಡಂ ಯಾರಿಗೂ ಹೇಳದೆ ಮಾರ್ಕೆಟ್ ಹಿಂದಿನ ಸಣ್ಣ ಗ್ಯಾರೇಜಿಗೆ ಹೋದರು. ‘ಏನ್ ಮೇಡಂ, ಏನಾಗ್ತಿದೆ?’ ಎಂದು ಕೇಳಿದ ಮೇಸ್ತ್ರಿ ಬನ್ನು ಕಚ್ಚಿದ. ಬಾಯಿ ತುಂಬ ಬನ್ನಿದ್ದದ್ದರಿಂದ ನಡುವೆ ಬಾಯಿ ಹಾಕುವಂತಿರಲಿಲ್ಲ. ಮೇಡಂಗೆ ಮೊದಲ ಸಲ ವಾಕ್ಯ ಮುಗಿಸುವ ಅವಕಾಶ ಸಿಕ್ಕಿತು: ಮುಂದಕ್ಕೆ ಹೋಗುವಾಗ ಜರ್ಕ್ ಬರುತ್ತೆ, ರಿವರ್ಸ್‌ನಲ್ಲಿ ಎಷ್ಟು ತುಳಿದರೂ ಬರಲ್ಲ.

ಮೇಸ್ತ್ರಿ ಬನ್ನು ನುಂಗಿ, ಕೈ ಒರೆಸಿಕೊಂಡು ಬಾನೆಟ್ ಎತ್ತಿದ. ‘ಹ್ಯಾಂಡ್ ಬ್ರೇಕ್ ಎಳೀರಿ. ಕಾಲಲ್ಲೂ ಬ್ರೇಕ್ ಒತ್ತಿ. ಫಸ್ಟ್ ಹಾಕಿ ಕ್ಲಚ್ ಚೂರು ಚೂರೇ ಬಿಡಿ’ ಎಂದು ತಾನು ಪಕ್ಕಕ್ಕೆ ನಿಂತು ಟಾರ್ಚ್ ಬಿಟ್ಟ. ರಬ್ಬರ್ ಮೌಂಟಿನ ಮೇಲೆ ಕೂತ ಇಂಜಿನ್ನು ಎಳೆಯುವಾಗ ಒಂದು ಕಡೆ ವಾಲುತ್ತದೆ. ವಾಲಿತು. ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಹೋಸು ಹಿಗ್ಗಿತು. ಅದರ ಅಡಿಭಾಗದಲ್ಲಿ, ಎರಡು ಮಡಿಕೆಗಳ ಸಂದಿಯಲ್ಲಿ, ಉಗುರಿನುದ್ದದ ಬಿರುಕು ಬಾಯಿ ಬಿಟ್ಟಿತು. ರಿವರ್ಸ್ ಹಾಕಿಸಿದ, ಇಂಜಿನ್ನು ಇನ್ನೊಂದು ಕಡೆ ವಾಲಿ ಬಾಯಿ ಮುಚ್ಚಿಕೊಂಡಿತು. ಆ ಕಾರಿನಲ್ಲಿ ಗಾಳಿ ಅಳೆಯುವ ಸೆನ್ಸಾರ್ ಇರುವುದು ಹೋಸಿಗಿಂತ ಮೊದಲು. ಬಿರುಕಿನಿಂದ ಒಳಬಂದ ಗಾಳಿಯ ಲೆಕ್ಕ ಸಿಗದೆ ಕಂಪ್ಯೂಟರ್ ಪೆಟ್ರೋಲನ್ನು ಕಮ್ಮಿ ಅಳೆದು ಹಾಕುತ್ತಿತ್ತು. ಹೊಸ ಹೋಸಿಗೆ ನಾಲ್ಕು ಪ್ಲಗ್ಗಿನ ದುಡ್ಡೂ ಆಗಲಿಲ್ಲ.

ಸಂಜೆ ಕಾರು ಸದ್ದಿಲ್ಲದೆ ರಸ್ತೆಯೊಳಗೆ ಬಂತು. ರಾಯರಿಗೆ ಆ ಸದ್ದಿಲ್ಲದ್ದೂ ಕೇಳಿಸಿತು. ವಿಷಯವೆಲ್ಲ ತಿಳಿದುಕೊಂಡು, ‘ಗಾಳಿ! ನಾನು ಅವತ್ತು ಬೆಟ್ಟದಲ್ಲಿ ಶ್ ಅಂದಿದ್ದು ಯಾಕೆ ಅಂದ್ಕೊಂಡ್ರಿ? ಅದೇ ಗಾಳಿ ಸದ್ದು ಕೇಳೋಕೆ’ ಎಂದರು. ಇಂಥ ಮಾತಿಗೆ ಮೇಡಂ ಕಾಫಿ ಕೊಡದೆ ಇನ್ನೇನು ತಾನೆ ಮಾಡಿಯಾರು?

ಈಗ ಎದುರು ಮನೆಗೆ ಎಲೆಕ್ಟ್ರಿಕ್ ಕಾರು ಬಂದಿದೆ. ಟೈರಿನಡಿಯ ನಿಂಬೆಹಣ್ಣು ಒಣಗುವ ಮೊದಲೇ ರಾಯರು ಹಾಜರ್. ಬಾನೆಟ್ ಎತ್ತಿಸಿದರೆ ಒಳಗೊಂದು ಮುಚ್ಚಳದ ಡಬ್ಬ, ಅದರಲ್ಲಿ ಚಾರ್ಜರ್ ವೈರು.

‘ಸ್ಟಾರ್ಟ್ ಮಾಡಿ.’

‘ಆಗಿದೆ ರಾಯರೇ.’

‘ಮಾಡಿ ಅಂದೆ.’

‘ಆಗಿದೆ.’

ಎರಡು ಬೆರಳಿಟ್ಟು ನೋಡಿದರು. ಏನೂ ಸಿಗಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ನಂದಿಯವರೆಗೆ ಹೋಗಿಬಂದರು. ತುಳಿದರೆ ಯೋಚನೆಯಿಲ್ಲ, ಹಿಂದೆಗೆತವಿಲ್ಲ, ಹಣೆ ಕುಟ್ಟಲಿಲ್ಲ. ಇಳಿದು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡವರು, ಗೇಟಿನ ತನಕ ಹೋಗಿ ಹಿಂದಿರುಗಿ ನೋಡಿದರು.

‘ಹಿಂದಿನ ಎಡಗಡೆ ವೀಲ್ ಬೇರಿಂಗು.’

‘ಇನ್ನೂ ನೂರು ಕಿಲೋಮೀಟರೂ ಓಡಿಲ್ಲ ರಾಯರೇ!’

‘ಒಳ್ಳೇದೇ ಆಯ್ತು’ ಎಂದರು ರಾಯರು. ‘ವಾರಂಟೀಲಿ ಬರುತ್ತೆ.’